ಅಮ್ಮನ ಬಣ್ಣದ ಕೆಸು

ತಮ್ಮಾ, ಕ್ಷೇಮವೇ ಎಂದು ಕೇಳುವುದಿಲ್ಲ, ಇದನ್ನು ಅಂಚೆಗೂ ಹಾಕುವುದಿಲ್ಲ. ಅಮ್ಮ ಹೋದ ಮೇಲೆ ಅವಳ ಬಣ್ಣದ ಕೆಸುವಿನ ಕುಂಡವನ್ನು ನನ್ನ ತಲೆಗೆ ಕಟ್ಟಿ, ಹಿಂತಿರುಗಿ ನೋಡದೆ ಹೋದವನು ನೀನು. ಹೋದ ತಿಂಗಳು ಎಲೆಗಳೆಲ್ಲ ಒಣಗಿ ಬಿದ್ದಾಗ ನಾನು ಹೆದರಿ ದಿನಾ ಎರಡು ಹೊತ್ತೂ ನೀರು ಸುರಿದೆ.

ಇವತ್ತು ನಿನ್ನ ಮಗಳು ಬಂದು ಮಣ್ಣು ಕೆದಕಿದಳು. "ಅಯ್ಯೋ ಅತ್ತೆ, ಚಳಿಗಾಲದಲ್ಲಿ ಇದು ನಿದ್ದೆ ಮಾಡುತ್ತೆ. ನೀರು ಹಾಕಿ ಕೊಳೆಸಿಬಿಟ್ರಲ್ಲ! ಅಪ್ಪ ಹೇಳಿರ್ಲಿಲ್ವಾ?"

"ಜಗಳಕ್ಕಲ್ಲದೆ ನಿಮ್ಮಪ್ಪ ಬಾಯಿ ಬಿಟ್ಟಿದ್ದು ಯಾವಾಗ?"

ಕೊಳೆತದ್ದನ್ನು ಕೊಯ್ದು ಬಿಸಾಡಿದೆವು. ಹೆಬ್ಬೆರಳಿನ ಗಾತ್ರದ ಗಟ್ಟಿ ಗಡ್ಡೆ ಉಳಿದಿದೆ. ಒಣ ಮರಳಿನಲ್ಲಿ ಹುಗಿದು, ನನ್ನ ಮಂಚದ ಕೆಳಗೆ ಬೆಚ್ಚಗೆ ಇಟ್ಟಿದ್ದೇನೆ. ನೀನು ಫೋನು ಮಾಡಿದರೆ ಎತ್ತುವುದಿಲ್ಲ. ಬಾಗಿಲಿಗೆ ಬಂದು ಕೇಳಿದರೆ, ಸತ್ತುಹೋಯಿತು ಎಂದು ನಿನ್ನ ಮುಖಕ್ಕೇ ಹೇಳುತ್ತೇನೆ.