ನಾನು ಎಣಿಸಿದೆವು

ಮಾರ್ಚ್ ೯

ಗುಂಡನಿಗೆ ಅಕ್ಕನ ಆಶೀರ್ವಾದ.

ನಿನ್ನ ಕಾಗದಕ್ಕೆ ಉತ್ತರ ಬರೆಯುವುದು ಮೂರು ವಾರ ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಮೊದಲ ವಾರ ಉತ್ತರಪತ್ರಿಕೆ ತಿದ್ದುವುದಿತ್ತು. ಉಳಿದೆರಡು ವಾರ ಸಿಟ್ಟು ಇಳಿಯಲಿ ಎಂದು ಕಾದೆ. ಇಳಿಯಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ಭಾವನ ಮಂಡಿನೋವು ಹಾಗೇ ಇದೆ. ಮೆಟ್ಟಿಲು ಹತ್ತಲು ಆಗುವುದಿಲ್ಲ ಎನ್ನುತ್ತಾರೆ, ಮೇಲಿನ ಮನೆಯವರು ಇಸ್ಪೀಟಿಗೆ ಕರೆದರೆ ಮಾತ್ರ ಆಗುತ್ತದೆ.

ನಾನು ಸ್ವಂತ ವೆಬ್‌ಸೈಟ್ ಶುರುಮಾಡಿದ್ದು ನಿನಗೆ ಗೊತ್ತಿಲ್ಲ. ನಮ್ಮ ಪ್ರಾಂಶುಪಾಲರು ಕರೆದು, "ಮೇಡಂ, ಪಿಎಚ್‌ಡಿ ಮಕ್ಕಳಿಗೆ ಗೈಡ್ ಆಗ್ಬೇಕು ಅಂತ ಅರ್ಜಿ ಹಾಕಿದೀರಿ. ಸಮಿತಿಯವರು ನಿಮ್ಮ ಸಂಶೋಧನೆ ಹುಡುಕಿದ್ರೆ ಏನೂ ಸಿಗಲ್ಲ. ಒಂದು ಸೈಟು ಮಾಡಿ, ಬ್ಲಾಗ್ ಬರೀರಿ" ಎಂದರು. ಐವತ್ತೆರಡರಲ್ಲಿ ಇದೊಂದು ಬಾಕಿ ಇತ್ತು ಎಂದುಕೊಂಡು ಕಾಲೇಜಿನ ಕಂಪ್ಯೂಟರ್ ಮೇಷ್ಟ್ರ ಪಕ್ಕ ಸ್ಟೂಲು ಹಾಕಿಕೊಂಡು ಕೂತೆ. ಮೊದಲ ಬರಹಕ್ಕೆ ನನ್ನ ಹತ್ತಿರ ಬೇರೇನಿದೆ? ಕ್ವಾರಿ ಹೊಂಡದ ಏರೋಪ್ಲೇನ್ ಚಿಟ್ಟೆಗಳು. ರೆಕ್ಕೆ ಬಂದು ಹಾರಿಹೋಗುವಾಗ ಅವು ಜೊಂಡಿನ ಮೇಲೆ ಬಿಟ್ಟುಹೋಗುವ ಪೊರೆಗಳನ್ನು ಹನ್ನೊಂದು ವರ್ಷ, ಪ್ರತಿ ಭಾನುವಾರ ಬೆಳಿಗ್ಗೆ, ಎಣಿಸಿಟ್ಟ ಲೆಕ್ಕ. ಹೋದ ವರ್ಷ ಒಮ್ಮೆ ಕಣ್ಣಾಡಿಸು ಎಂದು ನಿನಗೆ ಕಳಿಸಿದ್ದೆನಲ್ಲ, ಅದೇ ವರದಿ.

ಮೇಷ್ಟ್ರು ಅದನ್ನು ಯಾವುದೋ ತಪಾಸಣೆಗೆ ಹಾಕಿ ತಲೆ ಕೆರೆದುಕೊಂಡರು. "ತಪ್ಪು ತಿಳ್ಕೋಬೇಡಿ ಮೇಡಂ. ಇದು ಬೇರೆಯವರ ಬ್ಲಾಗಿಂದ ಎತ್ತಿದ್ದು ಅಂತ ತೋರಿಸ್ತಿದೆ."

"ಯಾರಪ್ಪ ಆ ಬೇರೆಯವರು?" ಎಂದೆ. ಪರದೆಯನ್ನು ನನ್ನ ಕಡೆ ತಿರುಗಿಸಿದರು. ನೀನು, ಕೋಟು ಹಾಕಿಕೊಂಡು.

ನನ್ನ ವರದಿಯೇ, ಅಲ್ಪವಿರಾಮ ಸಮೇತ. "ನಾವು" ಇದ್ದಲ್ಲೆಲ್ಲ "ನಾನು" ಮಾಡಿದ್ದೀಯ. ಒಂದೊಂದನ್ನೇ ಕೂತು ಬದಲಿಸುವ ಪುರುಸೊತ್ತೂ ನಿನಗಿರಲಿಲ್ಲ, ಕಂಪ್ಯೂಟರಿಗೇ ಹೇಳಿ ಒಂದೇ ಏಟಿಗೆ ಮುಗಿಸಿದ್ದೀಯ. ಕ್ರಿಯಾಪದಗಳು ಹಾಗೇ ಉಳಿದಿವೆ. "ನಾನು ಎಣಿಸಿದೆವು." "ನಾನು ನೀರಿಗಿಳಿದೆವು." "ನಾಲ್ಕನೆಯ ವರ್ಷದ ಸಂಖ್ಯೆ ನೋಡಿ ನಾನು ದಂಗಾದೆವು." ಮೇಷ್ಟ್ರು, "ಇವರಿಗೆ ಕನ್ನಡ ಬರಲ್ವಾ?" ಎಂದು ನಕ್ಕರು. ನಾನೂ ನಕ್ಕೆ. ಆಮೇಲೆ ಸ್ಟಾಫ್ ರೂಮಿನ ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ.

ನೀನು ಹೊಂಡಕ್ಕೆ ಬಂದದ್ದು ಮೊದಲ ಎರಡು ವರ್ಷ. ಉಳಿದ ಒಂಬತ್ತು ವರ್ಷ ಮೊಣಕಾಲುದ್ದ ನೀರಿನಲ್ಲಿ ನಿಂತವಳು ನಾನೊಬ್ಬಳೇ. ಆದರೂ "ನಾವು" ಎಂದೇ ಬರೆದೆ. "ಹೋಗೋದು ಒಬ್ಬರೇ, ನಾವು ಅಂದ್ರೆ ಯಾರು?" ಎಂದು ಪ್ರಾಂಶುಪಾಲರು ಒಮ್ಮೆ ಕೇಳಿದ್ದರು. "ನಾನು, ನನ್ನ ತಮ್ಮ" ಎಂದಿದ್ದೆ. ಉಂಡ ಮನೆಯ ಜಂತೆ ಎಣಿಸುವವರನ್ನು ಕಂಡಿದ್ದೇನೆ. ನೀನು ಜಂತೆಯನ್ನೇ ಹೊತ್ತುಕೊಂಡು ಹೋದೆ. ಮೂರು ಪುಟದ ಕಾಗದದಲ್ಲಿ ಹೊಸ ಹುದ್ದೆಯ ಸುದ್ದಿಯೆಲ್ಲ ಬರೆದಿದ್ದೀಯ, ಬ್ಲಾಗಿನ ಮಾತು ಒಂದೂ ಇಲ್ಲ.

ಇಪ್ಪತ್ತನೇ ತಾರೀಖು ಸಮಿತಿ ಕೂರುತ್ತದೆ. ಯಾರು ಯಾರದ್ದನ್ನು ಕದ್ದರು ಎಂದು ಕೇಳೇ ಕೇಳುತ್ತಾರೆ. "ನೀವೂ ನಾನು ಅಂತ ಮಾಡ್ಬಿಡಿ" ಎಂದರು ಮೇಷ್ಟ್ರು. ನನಗೆ ಕೈ ಬರಲಿಲ್ಲ. "ನಾವು" ಎಂದೇ ಬಿಟ್ಟು, ಜೊತೆಗೆ ಹನ್ನೊಂದು ನೋಟುಪುಸ್ತಕಗಳ ಫೋಟೊ ಹಾಕಿದ್ದೇನೆ. ಕೇಳಿದರೆ ನಿಜ ಹೇಳುತ್ತೇನೆ. ಅದರಿಂದ ನಿನ್ನ ಹುದ್ದೆಗೆ ಏನಾಗುತ್ತದೋ ನನಗೆ ಗೊತ್ತಿಲ್ಲ. ಬೆನ್ನ ಹಿಂದೆ ಮಾಡಿದಳು ಅನ್ನಬೇಡ, ಮೊದಲು ನಿನಗೇ ತಿಳಿಸುತ್ತಿದ್ದೇನೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಮಗಳಿಗೆ ನನ್ನ ಮುತ್ತು. ನೀನು ಚೆನ್ನಾಗಿರಬೇಕು. ಎಷ್ಟೇ ಸಿಟ್ಟಿದ್ದರೂ ಇದನ್ನು ಮನಸಾರೆ ಬರೆಯುತ್ತಿದ್ದೇನೆ.

ಇಂತಿ,
ನಿನ್ನ ಅಕ್ಕ

ತಾ.ಕ.: ಕದ್ದದ್ದನ್ನು ಹೇಗೋ ನುಂಗಿಕೊಳ್ಳುತ್ತಿದ್ದೆ. ಚಿಕ್ಕವನಿದ್ದಾಗಿನಿಂದ ನನ್ನ ತಟ್ಟೆಗೆ ಕೈ ಹಾಕಿದವನೇ ನೀನು. ಆದರೆ ಪುಟದ ಕೊನೆಗೆ, ಸಣ್ಣ ಅಕ್ಷರದಲ್ಲಿ, ಕೃತಜ್ಞತೆ ಹೇಳಿದ್ದೀಯಲ್ಲ: "ಎಣಿಕೆಯಲ್ಲಿ ನೆರವಾದ ಸ್ಥಳೀಯ ಮಹಿಳೆಯೊಬ್ಬರಿಗೆ." ಹೆಸರು ಹಾಕದಿದ್ದರೆ ಹೋಗಲಿ ಗುಂಡ. ಅಕ್ಕ ಎಂದು ಬರೆಯಲೂ ನಿನಗೆ ಆಗಲಿಲ್ಲವೇ?