ಬಿಳಿ ಗುಡ್ಡದ ಬೋರ್ಡು

ಆಂಡರ್ಸನ್‌ಪೇಟೆ
೧೨-೮-೧೯೫೮

ನಮ್ಮೂರ ಪರಂಪರೆ ಸಮಿತಿಯ ಅಧ್ಯಕ್ಷರಿಗೆ, ಕಾರ್ಯದರ್ಶಿ ನಾರೆಪ್ಪನ ನಮಸ್ಕಾರ.

ಬಂಗಾರಪೇಟೆಯಿಂದ ತಾವು ಬರೆಸಿ ಕಳಿಸಿದ ಬೋರ್ಡು ತಲುಪಿತು. ನಮ್ಮ ಬಿಳಿ ಗುಡ್ಡವನ್ನು ‘ದೇವರು ಕೊಟ್ಟ ಪ್ರಕೃತಿ ಸೌಂದರ್ಯ’ ಎಂದು ಬಣ್ಣಿಸಿದ್ದೀರಿ. ಅದು ಗಣಿಯ ಕಲ್ಲನ್ನು ಅರೆದು, ಚಿನ್ನ ತೆಗೆದುಕೊಂಡು, ಸುರಿದ ಮಣ್ಣು. ಅಲ್ಲಿ ಹುಲ್ಲೂ ಹುಟ್ಟುವುದಿಲ್ಲ. ಇತ್ತ ಹಾದುಹೋಗುವಾಗ ಒಮ್ಮೆ ಕಾರಿನ ಗಾಜು ಇಳಿಸಿದ್ದರೆ ಧೂಳೇ ತಮಗೆ ಹೇಳುತ್ತಿತ್ತು.

ಬೋರ್ಡನ್ನು ಅಮ್ಮನಿಗೆ ಓದಿ ಹೇಳಿದೆ. ಅಪ್ಪ ಗಣಿಯಲ್ಲಿ ಕಲ್ಲು ಒಡೆದು, ಕೆಮ್ಮಿ ಕೆಮ್ಮಿ ಸತ್ತವನು. ಅವಳು, “ದೇವ್ರು ಕೊಟ್ಟಿದ್ದಂತಾ? ಅಂಗಾದ್ರೆ ನಿಮ್ಮಪ್ಪ ಇಪ್ಪತ್ತು ವರ್ಸ ಒಳಗೋಗಿ ಏನ್ಲಾ ಮಾಡ್ತಿದ್ದ?” ಅಂದಳು.

ಭಾನುವಾರ ಬೋರ್ಡಿನ ಉದ್ಘಾಟನೆಗೆ ಬರುವಾಗ ಉತ್ತರ ತನ್ನಿ. ಅಮ್ಮ ಮುಂದಿನ ಸಾಲಿನಲ್ಲೇ ಕೂತಿರುತ್ತಾಳೆ.

ಬೋರ್ಡಿಗೆ ಇನ್ನೂ ಮೊಳೆ ಹೊಡೆಯದ,
ನಾರೆಪ್ಪ