ಹಡಗಿನ ಶಿಕ್ಷೆ, ಹೆಬ್ಬಾಳದ ಚಪ್ಪಾಳೆ

ಉದಯಗಿರಿ, ಮೈಸೂರು
೨೦-೮-೨೦೨೫, ಬುಧವಾರ ಸಂಜೆ

ಪ್ರೀತಿಯ ಗೌತಮಣ್ಣ,

ಜೈಭೀಮ್. ಹೇಗಿದ್ದೀಯ? ಎಂಜಿನ್ ಕೋಣೆಯ ಸೆಕೆಗೆ ಎದ್ದಿದ್ದ ಬೆವರುಸಾಲೆ ಕಡಿಮೆಯಾಯಿತಾ? ಅವ್ವನ ಮಂಡಿನೋವು ಪರವಾಗಿಲ್ಲ, ಬಾಯಂತೂ ಗಟ್ಟಿಯಾಗಿಯೇ ಇದೆ. ನಿನ್ನ ಹಡಗಿಗೇ ಹೊರಟಿರುವ ಶಿವಕಿರಣ್ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ. ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡ.

ನಮ್ಮ ಹೆಬ್ಬಾಳದ ಫ್ಯಾಕ್ಟರಿಯಲ್ಲಿ ಶಿಫ್ಟಿಗೆ ತಡವಾಗಿ ಬಂದವರನ್ನು ಬೆಳಗಿನ ಮೀಟಿಂಗಿನಲ್ಲಿ ಮುಂದೆ ನಿಲ್ಲಿಸುತ್ತಾರೆ, ಉಳಿದವರೆಲ್ಲ ಚಪ್ಪಾಳೆ ತಟ್ಟಬೇಕು. ಹೊಸ ಮ್ಯಾನೇಜರ್ ಅದಕ್ಕೆ ಕೀಲ್‌ಹಾಲ್ ಎಂದು ಹೆಸರಿಟ್ಟಿದ್ದಾನೆ. ಇವತ್ತು ಬಸ್ಸು ಕೆಟ್ಟು ತಡವಾಗಿ ನಮ್ಮ ಲೈನಿನ ಬೆಟ್ಟಮ್ಮಕ್ಕ ಸಿಕ್ಕಿಬಿದ್ದಳು. ಐವತ್ತೈದು ವರ್ಷದವಳು, ಆ ಮಾತಿನ ಅರ್ಥ ಗೊತ್ತಿಲ್ಲದೆ ತಾನೂ ನಗುತ್ತಾ ನಿಂತಿದ್ದಳು. ನನಗೆ ತಡೆಯಲಾಗಲಿಲ್ಲ. ಹೋದ ಸಲ ರಜೆಗೆ ಬಂದಾಗ ನೀನು ಹೇಳಿದ್ದನ್ನೆಲ್ಲ ಅಲ್ಲೇ ಒದರಿಬಿಟ್ಟೆ. ಹಿಂದಿನ ಕಾಲದ ಹಡಗುಗಳಲ್ಲಿ ತಪ್ಪು ಮಾಡಿದ ನಾವಿಕನನ್ನು ಹಗ್ಗಕ್ಕೆ ಕಟ್ಟಿ, ಒಂದು ಪಕ್ಕದಿಂದ ನೀರಿಗೆ ತಳ್ಳಿ, ಹಡಗಿನ ತಳದಡಿ ಎಳೆದು ಇನ್ನೊಂದು ಪಕ್ಕದಿಂದ ಎತ್ತುತ್ತಿದ್ದರು, ತಳಕ್ಕೆ ಅಂಟಿದ ಚಿಪ್ಪುಗಳು ಚರ್ಮ ಸುಲಿಯುತ್ತಿದ್ದವು, ಎಷ್ಟೋ ಜನ ಬದುಕುತ್ತಿರಲಿಲ್ಲ ಎಂದೆ. ಬೆಟ್ಟಮ್ಮಕ್ಕನ ನಗು ನಿಂತಿತು. ಮ್ಯಾನೇಜರ್ ಮುಖ ಕೆಂಪಗಾಯಿತು. ಈಗ ಜೋರಾಗಿ ಬೈಯುವುದಕ್ಕಷ್ಟೇ ಹಾಗನ್ನುತ್ತಾರೆ ಎಂದ. ಅದೂ ನಿಜವೇ ಅನ್ನು, ನೀನೇ ಹೇಳಿದ್ದೆಯಲ್ಲ. ಆದರೆ ನಾನು ಬಿಡಬೇಕಲ್ಲ! "ಬೈಯೋದಾದ್ರೆ ಒಳಗೆ ಕರ್ದು ಬೈಯಿರಿ ಸಾರ್, ಚಪ್ಪಾಳೆ ಯಾಕೆ?" ಎಂದೆ. ಆಮೇಲೆ ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ ಕಣಣ್ಣ, ಒಬ್ಬರೂ!

ಎದುರು ಮಾತಾಡಿದ್ದಕ್ಕೆ ನಾಳೆ ನಾನು ಮುಂದೆ ನಿಲ್ಲಬೇಕಂತೆ, ಇಲ್ಲವಾದರೆ ಕೆಲಸ ಬಿಡಬೇಕಂತೆ. ನಾಲ್ಕು ವರ್ಷದಲ್ಲಿ ಒಂದು ದಿನವೂ ತಡ ಮಾಡಿದವಳಲ್ಲ ನಾನು. ಭಯವಾಗುತ್ತಿದೆ, ಅದರ ಜೊತೆಗೇ ಕುಣಿಯುವಷ್ಟು ಖುಷಿಯೂ ಆಗುತ್ತಿದೆ. ಅವ್ವ "ಬಾಯಿ ಮುಚ್ಕೊಂಡಿರಕ್ಕಾಗಲ್ವಾ ನಿಂಗೆ?" ಎಂದು ಬೈದು, ಕೇಳದೆಯೇ ತಟ್ಟೆಗೆ ಇನ್ನೊಂದು ಮುದ್ದೆ ಹಾಕಿದಳು.

ಹೊತ್ತುಹೊತ್ತಿಗೆ ಊಟ ಮಾಡು ಎಂದು ಅವ್ವ ಮೂರು ಸಲ ಹೇಳಿದ್ದಾಳೆ, ಮೂರು ಸಲ ಬರೆದೆ ಎಂದುಕೋ.

ನಿನ್ನ ತಂಗಿ,
ಧರಣಿ

ತಾ.ಕ.: ಶಿವಕಿರಣ್ ಬಾಗಿಲಲ್ಲಿ ಅವಸರ ಮಾಡುತ್ತಿದ್ದಾನೆ, ಆದರೂ ಇದನ್ನು ಬರೆಯಲೇಬೇಕು. ಬೆಟ್ಟಮ್ಮಕ್ಕ ಈಗ ಫೋನ್ ಮಾಡಿದ್ದಳು. ನಾಳೆ ನಮ್ಮ ಲೈನಿನ ನಲವತ್ತೊಂದು ಜನವೂ ಬೇಕೆಂದೇ ಹತ್ತು ನಿಮಿಷ ತಡವಾಗಿ ಬರುತ್ತಾರಂತೆ. "ಎಲ್ರೂ ಮುಂದೆ ನಿಂತ್ಬುಟ್ರೆ ಚಪ್ಪಾಳೆ ತಟ್ಟೋರು ಯಾರವ್ವಾ?" ಎಂದಳು.